ಹಬ್ಬದ ತಟ್ಟೆಗೆ ಬೇಡವೆನ್ನುವುದು ಹೇಗೆ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ಸಕಲ ಸಂತರ ಹಬ್ಬದ ಹಿಂದಿನ ಸಂಜೆ ರಾಯಚೂರಿನಲ್ಲಿ ಸೇರಿದ ಹಿರಿಯರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಏರ್ಪಡಿಸಲಾದ ಉಪನ್ಯಾಸಗಳಲ್ಲಿ ನನ್ನ ಪಾಲಿಗೆ ಬಂದಿರುವುದು ಈ ಸಂಜೆ. ಇದುವರೆಗೆ ಮಾತನಾಡಿದ ಮಹನೀಯರು ಘನವಾದ ವಿಷಯಗಳನ್ನು ಆರಿಸಿಕೊಂಡರು. ನಾನು ಆರಿಸಿಕೊಂಡಿರುವುದು ಸಿಹಿತಿಂಡಿಯನ್ನು. ತಾವು ನಗುತ್ತಿರುವುದು ನನಗೆ ಕಾಣಿಸುತ್ತಿದೆ. ಆದರೆ ಮಾತ್ರೆಯ ಚೀಟಿಯನ್ನು ಜೇಬಿನಲ್ಲಿಯೋ ಸೆರಗಿನ ಗಂಟಿನಲ್ಲಿಯೋ ಇಟ್ಟುಕೊಂಡು ಬಂದವರು ಕೈ ಎತ್ತಬೇಕೆಂದು ಹೇಳಿದರೆ ಈ ನಗೆ ಅರ್ಧಕ್ಕೇ ನಿಂತೀತು. ಆಗ ನಾನೂ ಕೈ ಎತ್ತಬೇಕಾದವನೇ.

ಈ ವಿಷಯ ಹುಟ್ಟಿದ್ದು ನಮ್ಮ ಹಿರಿಯರೊಬ್ಬರ ಪ್ರಶ್ನೆಯಿಂದ. ಅವರು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅಕ್ಟೋಬರ್ ತಿಂಗಳ ಕೊನೆಯ ದಿನವನ್ನು ಅಲ್ಲಿ ಕಳೆದರು. ಆ ಸಂಜೆ ಮೊಮ್ಮಕ್ಕಳು ದೆವ್ವದ ವೇಷ ತೊಟ್ಟು, ದಿಂಬಿನ ಚೀಲ ಹಿಡಿದು, ಬೀದಿಯ ಮನೆಮನೆಗೂ ಹೋಗಿ ಚೀಲದ ತುಂಬ ಚಾಕಲೇಟು, ಪೆಪ್ಪರಮಿಂಟು ತಂದರಂತೆ. ಆ ರಾಶಿ ಊಟದ ಮೇಜಿನ ಮೇಲೆ ಮೂರು ವಾರ ಇತ್ತು. ಇವರಿಗೋ ಸಕ್ಕರೆ ಕಾಯಿಲೆ. ಅನ್ನ, ರೊಟ್ಟಿ, ಸಿಹಿ ಎಲ್ಲವನ್ನೂ ವೈದ್ಯರು ಕಡಿಮೆ ಮಾಡಿಸಿದ್ದರು. ಹಗಲಿನಲ್ಲಿ ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮನೆಯಲ್ಲಿ ಉಳಿಯುತ್ತಿದ್ದುದು ಇವರು ಮತ್ತು ಆ ರಾಶಿ. ‘ಫಾದರ್, ಅರಣ್ಯದಾಗ ಸೈತಾನ ಕಲ್ಲು ತೋರಿಸಿ ರೊಟ್ಟಿ ಮಾಡು ಅಂದ. ನನಗ ಮಾಡೋ ಕೆಲಸಾನ ಇರಲಿಲ್ಲ, ಬರೇ ಕಾಗದ ಬಿಚ್ಚೋದಿತ್ತು’ ಎಂದು ಅವರು ನನಗೆ ಹೇಳಿದರು. ಬಿಚ್ಚಲಿಲ್ಲವೆಂದೂ ಹೇಳಿದರು, ನಾನು ನಂಬಿದ್ದೇನೆ. ಬಳಿಕ ಅವರು ಕೇಳಿದ ಪ್ರಶ್ನೆ ಇದು: ಆ ಹಬ್ಬ ನಮ್ಮದೋ, ಸೈತಾನನದೋ?

ಹೆಸರಿನ ಮಟ್ಟಿಗೆ ಅದು ನಮ್ಮದೇ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಸಂತ. ‘ಹ್ಯಾಲೋವೀನ್’ ಎಂದರೆ ಸಂತರ ಹಬ್ಬದ ಹಿಂದಿನ ಸಂಜೆ, ಅಂದರೆ ಈಗ ನಾವು ಕುಳಿತಿರುವ ಇದೇ ಸಂಜೆ. ಎಂಟನೆಯ ಶತಮಾನದಲ್ಲಿ ಜಗದ್ಗುರು ಮೂರನೆಯ ಗ್ರೆಗೊರಿಯವರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪೂಜಾಸ್ಥಾನವನ್ನು ಪ್ರತಿಷ್ಠಾಪಿಸಿದರು. ಒಂಬತ್ತನೆಯ ಶತಮಾನದ ಹೊತ್ತಿಗೆ ನವೆಂಬರ್ ೧ರ ಹಬ್ಬ ಪಶ್ಚಿಮದ ನಾಡುಗಳಲ್ಲಿ ನೆಲೆಗೊಂಡಿತು. ಮರುದಿನ ಸಕಲ ಮೃತರನ್ನು ಸ್ಮರಿಸುವ ಪದ್ಧತಿಯನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ಕ್ಲೂನಿ ಮಠದ ಅಧಿಪತಿ ಸಂತ ಒಡಿಲೋ ತಮ್ಮ ಮಠಗಳಲ್ಲಿ ಆರಂಭಿಸಿದರು. ಐರ್ಲೆಂಡಿನ ಪ್ರಾಚೀನರಿಗೆ ಇದೇ ಋತುವಿನಲ್ಲಿ ಸುಗ್ಗಿ ಮುಗಿಯುವ ಹಬ್ಬವೊಂದಿತ್ತು. ದೆವ್ವ ಭೂತಗಳ ಕಥೆಗಳು ಅಲ್ಲಿಂದ ಬಂದು ಸೇರಿರಬೇಕು. ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಈ ದಿನಗಳಲ್ಲಿ ಮನೆಮನೆಗೆ ಹೋಗಿ ‘ಆತ್ಮದ ರೊಟ್ಟಿ’ ಎಂಬ ಸಣ್ಣ ಸಿಹಿ ರೊಟ್ಟಿಯನ್ನು ಬೇಡುತ್ತಿದ್ದರು. ಕೊಟ್ಟ ಮನೆಯ ಮೃತರಿಗಾಗಿ ಪ್ರಾರ್ಥನೆ ಸಲ್ಲಿಸುತ್ತಿದ್ದರು. ಬೇಡುವವನ ಕೈಗೆ ಒಂದು ರೊಟ್ಟಿ, ಕೊಟ್ಟವನ ತಂದೆತಾಯಿಗೆ ಒಂದು ಪ್ರಾರ್ಥನೆ. ಅದು ಎರಡು ಕಡೆಯ ಋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಹಸಿವಿನಿಂದ ಕಂಗೆಟ್ಟು ಹಡಗು ಹತ್ತಿದ ಐರಿಷ್ ಜನರೊಡನೆ ಈ ಸಂಜೆಯ ಆಚರಣೆಗಳು ಅಮೆರಿಕವನ್ನು ಸೇರಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯೂ ಸಕ್ಕರೆಗೆ ಪಡಿತರವಿತ್ತು. ೧೯೪೭ರಲ್ಲಿ ಆ ಪಡಿತರ ನಿಂತ ಮೇಲೆ ಮಿಠಾಯಿ ತಯಾರಕರು ಈ ಸಂಜೆಯನ್ನು ತಮ್ಮದಾಗಿ ಮಾಡಿಕೊಂಡರು. ಪ್ರಾರ್ಥನೆ ಹೋಯಿತು, ರೊಟ್ಟಿ ಚಾಕಲೇಟಾಗಿ ಉಳಿಯಿತು.

ಇದಕ್ಕಿಂತಲೂ ಹೆಚ್ಚಿನ ಸೋಜಿಗವೊಂದಿದೆ. ಇಂದು ಜಗತ್ತಿನಲ್ಲಿ ಮಕ್ಕಳು ಅತಿ ಹೆಚ್ಚು ಮಿಠಾಯಿ ತಿನ್ನುವ ಸಂಜೆಗಳಲ್ಲಿ ಒಂದಾದ ಈ ಸಂಜೆ, ಧರ್ಮಸಭೆಯ ಪಂಚಾಂಗದಲ್ಲಿ ಉಪವಾಸದ ದಿನವಾಗಿತ್ತು! ೧೯೧೭ರ ಧರ್ಮಸಭೆಯ ಕಾನೂನು ಸಂಹಿತೆಯ ೧೨೫೨ನೆಯ ವಿಧಿಯನ್ನು ಗುರುಮಠದ ಗ್ರಂಥಾಲಯದಲ್ಲಿ ಓದಿದ್ದು ನನಗೆ ನೆನಪಿದೆ. ಪೆಂತೆಕೋಸ್ತ್, ಮಾತೆ ಮರಿಯಮ್ಮನವರ ಸ್ವರ್ಗಾರೋಹಣ, ಸಕಲ ಸಂತರು, ಕ್ರಿಸ್ತಜಯಂತಿ, ಈ ನಾಲ್ಕು ಹಬ್ಬಗಳ ಮುನ್ನಾದಿನಗಳಲ್ಲಿ ಉಪವಾಸವೂ ಮಾಂಸವರ್ಜನೆಯೂ ಎರಡೂ ವಿಧಿಸಲ್ಪಟ್ಟಿದ್ದವು. ಐರ್ಲೆಂಡಿನವರು ಈ ರಾತ್ರಿ ಮಾಂಸವನ್ನು ಮುಟ್ಟದೆ ಆಲೂಗಡ್ಡೆ, ಕೋಸುಗಳನ್ನು ಮಸೆದು ತಿನ್ನುತ್ತಿದ್ದುದು ಇದೇ ಕಾರಣಕ್ಕೆ. ೧೯೫೫ರಲ್ಲಿ ಪಂಚಾಂಗವನ್ನು ಸರಳಗೊಳಿಸಿದಾಗ ಸಕಲ ಸಂತರ ಹಬ್ಬದ ಮುನ್ನಾದಿನ ಅಳಿಯಿತು. ೧೯೬೬ರಲ್ಲಿ ಜಗದ್ಗುರು ಆರನೆಯ ಪೌಲರು ಉಪವಾಸದ ನಿಯಮಗಳನ್ನು ಪುನರ್ರಚಿಸಿದರು. ೧೯೮೩ರ ಸಂಹಿತೆಯ ಪ್ರಕಾರ ಕಡ್ಡಾಯ ಉಪವಾಸ ಉಳಿದಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ. ಅದೂ ಹದಿನೆಂಟು ತುಂಬಿದವರಿಗೆ, ಅರುವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ. ಅಂದರೆ ನನ್ನಂತಹವರನ್ನು ಧರ್ಮಸಭೆ ಬಿಟ್ಟುಬಿಟ್ಟಿತು. ಅದೇ ಹೊತ್ತಿಗೆ ವೈದ್ಯರು ಹಿಡಿದುಕೊಂಡರು. ಧರ್ಮಸಭೆಯ ಉಪವಾಸ ವರ್ಷಕ್ಕೆರಡು ದಿನ, ವೈದ್ಯರದು ಮುನ್ನೂರ ಅರುವತ್ತೈದು ದಿನ. ಯಾವ ಧರ್ಮಾಧ್ಯಕ್ಷರ ಹತ್ತಿರ ವಿನಾಯಿತಿ ಕೇಳಲಿ?

ಮುನ್ನಾದಿನವೆಂಬುದು ಹೋಗಿ ಹಬ್ಬ ಮಾತ್ರ ಉಳಿದುದು ಅಮೆರಿಕದಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಹಾಗೆಯೇ ಆಗಿದೆ. ದಸರೆಯಿಂದ ಕ್ರಿಸ್ತಜಯಂತಿಯವರೆಗಿನ ಈ ಮೂರು ತಿಂಗಳನ್ನೇ ನೋಡಿರಿ. ದೀಪಾವಳಿಗೆ ನೆರೆಮನೆಯಿಂದ ಕರ್ಚಿಕಾಯಿ, ಬೇಸನ್ ಉಂಡಿ. ನವೆಂಬರ್ ೧ ನಮಗೆ ಸಂತರ ಹಬ್ಬ; ೧೯೫೬ರ ಅದೇ ದಿನ ನಮ್ಮ ರಾಯಚೂರು ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡನಾಡಿನೊಡನೆ ಒಂದಾದುದರಿಂದ ಅದು ರಾಜ್ಯೋತ್ಸವವೂ ಹೌದು; ಶಾಲೆಯಲ್ಲಿ ಲಾಡು, ಕಚೇರಿಯಲ್ಲಿ ಪೇಡೆ. ನಡುವೆ ಮದುವೆ, ನಿಶ್ಚಿತಾರ್ಥ, ಮಕ್ಕಳ ಹುಟ್ಟುಹಬ್ಬದ ಕೇಕು. ಡಿಸೆಂಬರಿನಲ್ಲಿ ನಮ್ಮ ಮನೆಗಳ ಸರದಿ. ನಾನು ಬಾಲಕನಾಗಿದ್ದಾಗ ಸಕ್ಕರೆ ಪಡಿತರ ಚೀಟಿಯ ಮೇಲೆ ಬರುತ್ತಿದ್ದ ವಸ್ತು. ತಾಯಿ ಅದನ್ನು ಡಬ್ಬಿಯಲ್ಲಿಟ್ಟು ಮೇಲಿನ ಹಲಗೆಗೆ ಏರಿಸುತ್ತಿದ್ದರು. ಹಬ್ಬದ ದಿನ ಡಬ್ಬಿ ಇಳಿಯುವುದೇ ಒಂದು ಉತ್ಸವ. ಈಗ ಆ ಡಬ್ಬಿ ಹಲಗೆಯ ಮೇಲಿಲ್ಲ. ಒಲೆಯ ಪಕ್ಕದಲ್ಲಿದೆ, ದಿನಕ್ಕೆ ನಾಲ್ಕು ಬಾರಿ ಚಹಾದೊಳಗೆ ಇಳಿಯುತ್ತಿದೆ.

ಅನ್ನದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ನಮ್ಮ ಅಜ್ಜಂದಿರು ಉಂಡದ್ದು ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ. ಅನ್ನವೆಂದರೆ ಹಬ್ಬಕ್ಕೆ, ಬಾಣಂತಿಗೆ, ಬೀಗರಿಗೆ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆಗೆ ಹರಿದ ಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಅನಂತರ ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಬಲದಂಡೆ ಕಾಲುವೆ ದೇವದುರ್ಗದ ಭಾಗಕ್ಕೂ ನೀರು ತಂದಿತು. ರಾಯಚೂರಿನ ಅಕ್ಕಿಗಿರಣಿಗಳ ಸೋನಾಮಸೂರಿ ನಾಡಿಗೆಲ್ಲ ಹೆಸರಾಯಿತು. ನೀರು ಬಂದುದು ದೇವರ ಕೃಪೆ. ಬರಗಾಲದಲ್ಲಿ ಗುಳೆ ಹೋದವರ ಮಕ್ಕಳು ಹೊಟ್ಟೆ ತುಂಬ ಉಂಡರು. ಅದನ್ನು ಅಲ್ಲಗಳೆಯುವಷ್ಟು ಕೃತಘ್ನನು ನಾನಲ್ಲ. ಆದರೆ ದಿನವಿಡೀ ಬಗ್ಗಿ ಕಳೆ ಕೀಳುತ್ತಿದ್ದ ಮೈಗೆ ಬೇಕಾಗಿದ್ದ ಊಟವನ್ನೇ ಈಗ ಕುರ್ಚಿಯ ಮೇಲೆ ಕುಳಿತ ಮೈ ಉಣ್ಣುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ೧೦ ಕೋಟಿಗೂ ಮಿಕ್ಕಿದ್ದಾರೆ. ಅದೇ ಸಮೀಕ್ಷೆಯ ಮುಂದುವರಿಕೆಯಾಗಿ ೨೦೨೫ರಲ್ಲಿ ಬಂದ ವರದಿಯು, ನಮ್ಮ ಜನರ ಆಹಾರದ ಶಕ್ತಿಯಲ್ಲಿ ಶೇಕಡ ೬೨ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತಿದೆಯೆಂದು ತಿಳಿಸಿತು.

ಆದುದರಿಂದಲೇ ಈಗ ವೈದ್ಯರು ಪಿಷ್ಟ ಕಡಿಮೆಯಿರುವ ಪಥ್ಯವನ್ನು ಹೇಳುತ್ತಿದ್ದಾರೆ. ಇದು ಹೊಸ ಶೋಧವೆಂದು ಭಾವಿಸಬೇಡಿರಿ. ೧೮೬೩ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರದ ಗುತ್ತಿಗೆದಾರರು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತಮ್ಮ ಬೊಜ್ಜನ್ನು ಕರಗಿಸಿದ ಕಥೆಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಪತ್ತೆಯಾಗುವ ಮುನ್ನ ಮಧುಮೇಹಕ್ಕೆ ಇದ್ದ ಚಿಕಿತ್ಸೆಯೂ ಇದೇ: ಅನ್ನ ಸಕ್ಕರೆಗಳನ್ನು ಕಿತ್ತುಕೊಳ್ಳುವುದು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕ ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಪಡೆದಾಗ ಅವನು ಎಲುಬಿನ ಹಂದರವಾಗಿದ್ದನು. ಈಗ ಮದ್ದೂ ಇದೆ, ಪಥ್ಯವೂ ಇದೆ. ಎರಡನ್ನೂ ಹೊಂದಿಸಿಕೊಳ್ಳುವ ಭಾಗ್ಯ ನಮ್ಮದು.

ನಮ್ಮ ಊರಿನಲ್ಲಿ ಪ್ರಚಲಿತವಾಗಿರುವ ಎರಡು ನಂಬಿಕೆಗಳನ್ನು ಮಾತ್ರ ಇಲ್ಲಿ ಮುಟ್ಟಿ ಮುಂದೆ ಹೋಗುತ್ತೇನೆ. ‘ಜೋಳದ ರೊಟ್ಟಿ ಎಷ್ಟು ತಿಂದರೂ ಏನಾಗುವುದಿಲ್ಲ’ ಎಂಬುದು ಒಂದು. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು ೭೮ ಗ್ರಾಂ. ಜೋಳದಲ್ಲಿ ೭೦ ಗ್ರಾಂ ಆಸುಪಾಸು. ಜೋಳದಲ್ಲಿ ನಾರು ಹೆಚ್ಚು, ಅದು ಉತ್ತಮ. ಆದರೆ ಮೂರು ರೊಟ್ಟಿಯ ಜಾಗದಲ್ಲಿ ಐದು ರೊಟ್ಟಿ ತಿಂದವನಿಗೆ ಜೋಳ ಯಾವ ರಕ್ಷಣೆಯನ್ನೂ ಕೊಡದು. ಧಾನ್ಯವನ್ನು ಬದಲಾಯಿಸಿದರೆ ಸಾಲದು, ಒಟ್ಟು ಪ್ರಮಾಣ ಇಳಿಯಬೇಕು ಎಂದು ಮೇಲೆ ಹೇಳಿದ ೨೦೨೫ರ ವರದಿಯೂ ಹೇಳುತ್ತದೆ. ‘ಬೆಲ್ಲ ಸಕ್ಕರೆಯಲ್ಲ’ ಎಂಬುದು ಇನ್ನೊಂದು. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ. ನಮ್ಮ ಹೋಳಿಗೆಯಲ್ಲಿ ಹೊರಗೆ ಹಿಟ್ಟು, ಒಳಗೆ ಬೆಲ್ಲ, ನಡುವೆ ಬೇಳೆ; ಪಾಪ, ಬೇಳೆ ಒಂಟಿಯಾಗಿ ಏನು ಮಾಡೀತು?

ಇನ್ನೊಂದು ಎಚ್ಚರಿಕೆಯನ್ನು ಮಾತ್ರ ನಿಧಾನವಾಗಿ ಹೇಳಬೇಕಾಗಿದೆ. ಹಿಂದಿನ ಸಾಲಿನವರೂ ಕೇಳಿಸಿಕೊಳ್ಳಿರಿ. ಯಾರ ಬಾಯಿಂದಲೋ ಕೇಳಿ, ಒಂದೇ ದಿನ ಅನ್ನ ರೊಟ್ಟಿಗಳನ್ನು ಬಿಟ್ಟು, ಹಳೆಯ ಪ್ರಮಾಣದಲ್ಲಿಯೇ ಮಾತ್ರೆ ನುಂಗುವುದು ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುವುದು ಅಪಾಯ. ಮಾತ್ರೆ ತನ್ನ ಕೆಲಸ ಮಾಡುತ್ತದೆ. ಹೊಟ್ಟೆಯಲ್ಲಿ ಪಿಷ್ಟವಿಲ್ಲದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮೈ ಬೆವರಿ, ಕೈ ನಡುಗಿ, ಮಾತು ತೊದಲಿ, ಬುದ್ಧಿ ಮಂಕಾದರೆ, ಅಳೆದಾಗ ೭೦ಕ್ಕಿಂತ ಕೆಳಗಿದ್ದರೆ, ಆಗ ಸಕ್ಕರೆಯೇ ಮದ್ದು. ಮೂರು ಚಮಚ ಸಕ್ಕರೆಯನ್ನಾಗಲಿ ಗ್ಲೂಕೋಸನ್ನಾಗಲಿ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕಾದು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರ ಅಪ್ಪಣೆಯಿಲ್ಲದೆ ಈ ಪಥ್ಯಕ್ಕೆ ಕೈ ಹಾಕಲೇಬಾರದು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ನೀರನ್ನಾಗಲಿ ಔಷಧಿಯನ್ನಾಗಲಿ ತಡೆಯುವುದಿಲ್ಲ. ವೃದ್ಧರನ್ನೂ ರೋಗಿಗಳನ್ನೂ ಅದು ಕಟ್ಟಿಹಾಕುವುದೂ ಇಲ್ಲ. ಇದನ್ನು ತಿಳಿಯದೆ ಬೆಳಗಿನ ಮಾತ್ರೆಯನ್ನು ತಪ್ಪಿಸಿ ಬಲಿಪೂಜೆಗೆ ಬರುವವರು ಇನ್ನೂ ಇದ್ದಾರೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಅಮೆರಿಕದ ಆ ಹಿರಿಯರಿಗೆ ಎದುರಾದುದು ಒಂದು ರಾಶಿ. ರಾಶಿಗೆ ಮುಖವಿಲ್ಲ, ಅದಕ್ಕೆ ಬೆನ್ನು ತಿರುಗಿಸಿ ಕೂಡಬಹುದು. ನಮಗೆ ಎದುರಾಗುವುದು ತಟ್ಟೆಯನ್ನು ಹಿಡಿದ ಕೈ. ಕೈಯ ಹಿಂದೆ ಒಂದು ಮುಖ, ಆ ಮುಖದ ಹಿಂದೆ ಮೂರು ತಲೆಮಾರಿನ ನೆನಪು.

ಮಾನ್ವಿಯ ಕಡೆ ಹಲವು ವರ್ಷ ಹಳ್ಳಿಹಳ್ಳಿ ತಿರುಗಿದ ಉಪದೇಶಿಯೊಬ್ಬರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಅವರ ಮನೆಯವರು ಇಲ್ಲಿಯೇ ಇದ್ದಾರೆ. ಸೈಕಲ್ಲಿನ ಮೇಲೆ ಹೋಗಿ, ಜಪಮಾಲೆ ಹೇಳಿಸಿ, ರೋಗಿಗಳನ್ನು ಕಂಡು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದವರು. ಹೋದ ಮನೆಯಲ್ಲೆಲ್ಲ ಅವರಿಗೆ ಸಕ್ಕರೆ ಚಹಾ. ಹಬ್ಬವಿದ್ದರೆ ಹೋಳಿಗೆ, ಹುಗ್ಗಿ. ಸಕ್ಕರೆ ಕಾಯಿಲೆಯೆಂದು ತಿಳಿದ ಮೇಲೂ ಅವರು ಯಾವ ತಟ್ಟೆಯನ್ನೂ ಹಿಂದಿರುಗಿಸಲಿಲ್ಲ. ಕೇಳಿದರೆ, ಪ್ರಭುವು ಶಿಷ್ಯರನ್ನು ಕಳುಹಿಸುವಾಗ ಬಡಿಸಿದ್ದನ್ನು ಉಣ್ಣಬೇಕೆಂದು ಹೇಳಿಲ್ಲವೇ ಎನ್ನುತ್ತಿದ್ದರು. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಮಾತು ಅದು. ಅವರು ತಪ್ಪಾಗಿ ಹೇಳುತ್ತಿರಲಿಲ್ಲ. ಸಂತ ಫ್ರಾನ್ಸಿಸ್ ಸೇಲ್ಸರೂ ೧೬೦೯ರಲ್ಲಿ ಪ್ರಕಟವಾದ ತಮ್ಮ ಭಕ್ತಿಜೀವನದ ಗ್ರಂಥದಲ್ಲಿ, ತಾನೇ ಆರಿಸಿಕೊಂಡ ಕಠಿಣ ಆಹಾರಕ್ಕಿಂತ ಎದುರಿಗಿಟ್ಟದ್ದನ್ನು ಗೊಣಗದೆ ತಿನ್ನುವುದೇ ದೊಡ್ಡ ತಪಸ್ಸೆಂಬ ಅರ್ಥದಲ್ಲಿ ಬರೆದಿದ್ದಾರೆ. ಆದರೆ ನಮ್ಮ ಉಪದೇಶಿಯವರ ಕಾಲಿನ ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಅವರಿಗೆ ತಿಳಿಯಲೇ ಇಲ್ಲ. ಕಾಲಿನ ಸ್ಪರ್ಶಜ್ಞಾನ ಆಗಲೇ ಹೋಗಿತ್ತು. ಗಾಯ ಕೊಳೆಯಿತು, ಬೆರಳು ಹೋಯಿತು, ಬಳಿಕ ಮೊಣಕಾಲಿನ ಕೆಳಗಿನ ಭಾಗ ಹೋಯಿತು. ಆ ಮೇಲೆ ಎರಡು ವರ್ಷ ಬಾಳಿದರು. ಯಾವ ಹಳ್ಳಿಗೂ ಹೋಗಲಾಗಲಿಲ್ಲ. ಅವರನ್ನು ಪ್ರೀತಿಸಿದ ಕೈಗಳೇ ಅವರಿಗೆ ಬಡಿಸಿದ್ದವು.

ಲೂಕನ ಆ ವಚನ ಉಪದೇಶಿಗೆ ಬಾಯಿಚಪಲವನ್ನೂ ಬಿಂಕವನ್ನೂ ನಿಷೇಧಿಸುತ್ತದೆ. ಕಾಯಿಲೆಯನ್ನು ಅಪ್ಪಿಕೊಳ್ಳಬೇಕೆಂದು ಹೇಳುವುದಿಲ್ಲವೆಂಬುದು ನನ್ನ ತಿಳುವಳಿಕೆ. ಸಂತ ಪೌಲರು ತಿಮೊಥೇಯನ ಹೊಟ್ಟೆಯ ತೊಂದರೆಯನ್ನು ನೆನೆದು, ಬರಿಯ ನೀರನ್ನು ಬಿಟ್ಟು ಕೊಂಚ ದ್ರಾಕ್ಷಾರಸ ಸೇವಿಸೆಂದು ಬರೆದರಲ್ಲವೇ? ಪವಿತ್ರಗ್ರಂಥದಲ್ಲಿ ತಟ್ಟೆಯನ್ನು ನಿರಾಕರಿಸಿದವನೂ ಒಬ್ಬನಿದ್ದಾನೆ. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲನು ಅರಸನ ಭಕ್ಷ್ಯಗಳನ್ನು ಬೇಡವೆಂದನು. ಹೇಗೆ ಬೇಡವೆಂದನು ಎಂಬುದನ್ನು ಗಮನಿಸಿರಿ. ತಟ್ಟೆಯನ್ನು ದೂಡಲಿಲ್ಲ. ಮೇಲ್ವಿಚಾರಕನ ಭಯವೇನೆಂದು ಕೇಳಿಸಿಕೊಂಡನು. ಹತ್ತು ದಿನ ನಮಗೆ ಕಾಳು ಮತ್ತು ನೀರು ಕೊಟ್ಟು ಪರೀಕ್ಷಿಸಿ ನೋಡು ಎಂದು ವಿನಯದಿಂದ ಬೇಡಿಕೊಂಡನು. (ಕಾಳು ಪಿಷ್ಟ ಕಡಿಮೆಯ ಆಹಾರವೇ ಎಂದು ನಮ್ಮ ವೈದ್ಯರು ತಕರಾರು ತೆಗೆದಾರು, ಇರಲಿ.) ಆದರೂ ದಾನಿಯೇಲನ ಕಷ್ಟ ನಮ್ಮ ಕಷ್ಟಕ್ಕಿಂತ ಹಗುರವೆಂದೇ ನನಗೆ ತೋರುತ್ತದೆ. ಅವನು ನಿರಾಕರಿಸಿದ್ದು ಅರಸನ ತಟ್ಟೆಯನ್ನು. ನಾವು ನಿರಾಕರಿಸಬೇಕಾಗಿರುವುದು ಬಡವೆಯ ತಟ್ಟೆಯನ್ನು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದುದನ್ನು ಹೇಳುತ್ತೇನೆ. ಮನೆ ಆಶೀರ್ವಾದ ಮುಗಿಸಿ ಕುಳಿತಿದ್ದೆ. ವಯಸ್ಸಾದ ತಾಯಿಯೊಬ್ಬಳು ಗೋಧಿ ಹುಗ್ಗಿ ತಂದಿಟ್ಟಳು. ಮೇಲೆ ತುಪ್ಪ, ಕೊಬ್ಬರಿ. ನನಗೆ ಸಕ್ಕರೆ ಕಾಯಿಲೆ ಇದೆ, ಬೇಡವೆಂದೆ. ಆಕೆ ಒತ್ತಾಯ ಮಾಡಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ಹೇಳಿದಳು: ‘ನಮ್ಮ ಮನಿ ನೀರು ಊರಾಗ ಯಾರೂ ಕುಡೀತಿದ್ದಿಲ್ಲ, ಫಾದರ್. ನಮ್ಮ ಅತ್ತಿ ಕಾಲಕ್ಕ ಸ್ವಾಮ್ಯಾರು ಬಂದು ಕುಡಿದ್ರು. ಅವತ್ತಿಂದ ನಾವು ಗುಡಿಗಿ ಬಂದವರು. ಈಗ ನೀವೂ ಬ್ಯಾಡ ಅಂತೀರಿ.’

ಸಕ್ಕರೆ ಕಾಯಿಲೆಯೆಂಬ ನನ್ನ ಮಾತು ಆಕೆಗೆ ಕೇಳಿಸದೆ ಇರಲಿಲ್ಲ. ಆದರೆ ಆಕೆಯ ಮನೆತನದವರು ನೂರಾರು ವರ್ಷ ‘ಬೇಡ’ ಎಂಬ ಮಾತನ್ನು ಒಂದೇ ಅರ್ಥದಲ್ಲಿ ಕೇಳುತ್ತ ಬಂದಿದ್ದರು. ಕಾರಣಗಳು ಆಗಲೂ ಹೇಳಲ್ಪಡುತ್ತಿದ್ದವು: ಇಂದು ವ್ರತ, ಇಂದು ಒಪ್ಪತ್ತು, ಈಗತಾನೆ ಊಟವಾಯಿತು. ಕಾರಣಗಳನ್ನು ನಂಬದೆ ಇರುವುದನ್ನು ಆ ಜನರಿಗೆ ಕಲಿಸಿದವರು ನಾವೇ, ಅಂದರೆ ಈ ಸಮಾಜ. ಆದುದರಿಂದ ನಾನು ಆಕೆಗೆ ವೈದ್ಯಶಾಸ್ತ್ರವನ್ನು ಬೋಧಿಸಲಿಲ್ಲ. ‘ಅವ್ವಾ, ಮೊದಲು ಕುಡಿಯಲಿಕ್ಕೆ ನೀರು ಕೊಡು. ಒಲೆಯ ಮೇಲೆ ಏನಿದೆ?’ ಎಂದು ಕೇಳಿದೆ. ಪುಂಡಿಪಲ್ಯೆ ಇತ್ತು. ಅದನ್ನು ಫಾದರಿಗೆ ಹೇಗೆ ಬಡಿಸಲಿ ಎಂದು ಆಕೆ ನಾಚಿದಳು. ಅದು ದಿನದ ಊಟ, ಬಡವರ ಊಟ. ಆಕೆಯ ತಟ್ಟೆಯಲ್ಲಿಯೇ ಬಡಿಸಿಕೊಂಡು, ಮೇಲೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ, ತುಂಡು ರೊಟ್ಟಿ, ಇಷ್ಟನ್ನೂ ನೆಲದ ಮೇಲೆ ಕುಳಿತು ಉಂಡೆ. ಉಣ್ಣುವಷ್ಟು ಹೊತ್ತೂ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹುಗ್ಗಿಯನ್ನು ಮೊಮ್ಮಕ್ಕಳು ಹಂಚಿಕೊಂಡವು.

ಈ ಪ್ರಸಂಗದ ಬಳಿಕ ನಾನು ಬಹಳ ದಿನ ಒಂದು ವಿಚಿತ್ರವನ್ನು ಯೋಚಿಸಿದೆ. ನಮ್ಮ ಭಾಗದಲ್ಲಿ ಮಾನದ ಊಟ ಯಾವುದು? ಬಿಳಿಯ ಅನ್ನ, ಸಕ್ಕರೆ, ಬೆಲ್ಲ, ಮೈದಾ. ನಾಚಿಕೆಯ ಊಟ ಯಾವುದು? ಪುಂಡಿಪಲ್ಯೆ, ಮೆಂತ್ಯೆಪಲ್ಯೆ, ಗುರೆಳ್ಳು ಹಿಂಡಿ, ಅಗಸೆ ಹಿಂಡಿ, ಮೊಳಕೆಯ ಹೆಸರು, ಮಜ್ಜಿಗೆ. ವೈದ್ಯರು ಬರೆದುಕೊಡುವ ಪಥ್ಯದ ಚೀಟಿಯಲ್ಲಿ ಮೊದಲ ಸಾಲಿನಲ್ಲಿರುವುದೆಲ್ಲ ಈ ನಾಚಿಕೆಯ ಊಟವೇ! ಶೇಂಗಾದಲ್ಲಿ ನೂರು ಗ್ರಾಮಿಗೆ ೨೫ ಗ್ರಾಂ ಸಸಾರಜನಕವಿದೆ. ಮೊಟ್ಟೆಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬಡತನವು ನಮಗೆ ಬಿಟ್ಟುಹೋದ ಅಡುಗೆಯನ್ನು ನಾವು ಬಡತನದೊಡನೆಯೇ ಹೊರಗೆ ಹಾಕಿದೆವು.

ಹಾಗಾದರೆ ಪಥ್ಯದಲ್ಲಿರುವವರು ಹಬ್ಬದ ಮನೆಗೆ ಹೋದಾಗ ಏನು ಮಾಡಬೇಕು? ನನ್ನ ರೂಢಿಯನ್ನು ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿರಿ. ಹಸಿದ ಹೊಟ್ಟೆಯಲ್ಲಿ ನಾನು ಯಾವ ಹಬ್ಬದ ಮನೆಗೂ ಹೋಗುವುದಿಲ್ಲ. ಎರಡು ಮೊಟ್ಟೆಯನ್ನೋ ಒಂದು ಹಿಡಿ ಶೇಂಗಾವನ್ನೋ ತಿಂದೇ ಹೊರಡುತ್ತೇನೆ. ಮನೆಗೆ ಹೋದೊಡನೆ, ತಟ್ಟೆ ಬರುವ ಮೊದಲೇ, ನಾನೇ ನೀರು ಕೇಳುತ್ತೇನೆ. ಕೇಳಿ ಕುಡಿದವನಿಗೂ ಕೊಟ್ಟದ್ದನ್ನು ಬೇಡವೆಂದವನಿಗೂ ಇರುವ ವ್ಯತ್ಯಾಸ ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಪಕ್ಕದ ಮಗುವಿಗೆ ದಾಟಿಸುತ್ತೇನೆ. ಊಟಕ್ಕೇ ಕುಳಿತರೆ ಮೊದಲು ಪಲ್ಯ, ಬೇಳೆ, ಮಾಂಸ, ಕೊನೆಗೆ ರೊಟ್ಟಿ. ಅದೇ ಊಟವಾದರೂ ಆ ಕ್ರಮದಲ್ಲಿ ಉಂಡರೆ ರಕ್ತದ ಸಕ್ಕರೆ ಏರುವುದು ಕಡಿಮೆಯೆಂದು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ‘ಒಂದ ತುತ್ತು ತಿನ್ರಿ, ಏನಾಗಂಗಿಲ್ಲ’ ಎಂದು ಕೈ ಹಿಡಿಯುವವರಿಗೆ ನಗುತ್ತೇನೆ. ಒಂದು ತುತ್ತಿನಿಂದ ಏನೂ ಆಗುವುದಿಲ್ಲವೆಂಬುದು ನಿಜವೇ. ಆದರೆ ಆ ದಿನ ಹದಿನಾಲ್ಕು ಮನೆಗಳಿರುತ್ತವೆ.

ಬಡಿಸುವ ತಾಯಂದಿರಿಗೂ ಒಂದು ಮಾತು. ತಾವು ಒತ್ತಾಯ ಮಾಡುವುದು ಪ್ರೀತಿಯಿಂದ, ಅದನ್ನು ಬಲ್ಲೆ. ಆದರೆ ಪಥ್ಯದವನು ಹತ್ತು ಮನೆಯಲ್ಲಿ ಹತ್ತು ಬಾರಿ ಒಬ್ಬಂಟಿಯಾಗಿ ಸೆಣಸಬೇಕಾದುದು ನಮ್ಮ ಪೂರ್ವಜರ ಕಾಲದಲ್ಲಿ ಇರಲಿಲ್ಲ. ಮುನ್ನಾದಿನದ ಉಪವಾಸವಿದ್ದಾಗ ಊರಿಗೆ ಊರೇ ಬೇಡವೆನ್ನುತ್ತಿತ್ತು. ಯಾರೂ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ರಂಜಾನ್ ತಿಂಗಳಿನಲ್ಲಿ ನಮ್ಮ ಮುಸ್ಲಿಂ ನೆರೆಯವರಿಗೆ ಹಗಲು ಹೊತ್ತಿನಲ್ಲಿ ಯಾರಾದರೂ ಚಹಾ ಒತ್ತಾಯಿಸುವರೇ? ಶ್ರಾವಣ ಸೋಮವಾರ ಒಪ್ಪತ್ತು ಮಾಡುವ ಲಿಂಗಾಯತ ತಾಯಿಗೆ ಮಧ್ಯಾಹ್ನದ ತಟ್ಟೆ ನೀಡುವರೇ? ಕೂಡಿ ಬಿಟ್ಟದ್ದನ್ನು ಬಿಡುವುದು ಸುಲಭ. ಕಳೆದುಹೋದ ಆ ಮುನ್ನಾದಿನವನ್ನು ಧರ್ಮಸಭೆಯ ಕಾನೂನಿನಂತೆ ಮರಳಿ ವಿಧಿಸುವ ಅಧಿಕಾರ ನನಗಿಲ್ಲ, ಆಸೆಯೂ ಇಲ್ಲ. ಆದರೆ ಈ ಸಂಜೆ ಈ ಸಭಾಂಗಣದಲ್ಲಿ ಚಹಾದ ಜೊತೆ ಬಿಸ್ಕತ್ತು ಬಂದಿಲ್ಲವೆಂಬುದನ್ನು ತಾವು ಆಗಲೇ ಗಮನಿಸಿರುತ್ತೀರಿ. ಕೆಲವರ ಮುಖ ನೋಡಿದರೆ ತಿಳಿಯುತ್ತದೆ. ಅದು ಮರೆವಲ್ಲ.

ನಾಳಿನ ವ್ಯವಸ್ಥೆಯನ್ನು ಹೇಳಿ ಮುಗಿಸುತ್ತೇನೆ. ಬಲಿಪೂಜೆಯ ನಂತರ ಅಂಗಳದಲ್ಲಿ ಎರಡು ಮೇಜುಗಳಿರುತ್ತವೆ. ಒಂದರಲ್ಲಿ ಮಕ್ಕಳಿಗೂ ಗಟ್ಟಿಮುಟ್ಟಾದವರಿಗೂ ಹೋಳಿಗೆ, ತುಪ್ಪ. ಹಬ್ಬವೆಂದ ಮೇಲೆ ಅದು ಇರಲೇಬೇಕು. ಇನ್ನೊಂದರಲ್ಲಿ ಬೇಯಿಸಿದ ಮೊಟ್ಟೆ, ಹುರಿದ ಶೇಂಗಾ, ಸೌತೆಕಾಯಿ, ಮಸಾಲೆ ಮಜ್ಜಿಗೆ, ಮತ್ತು ದೇವದುರ್ಗದಿಂದ ಬರುವ ತಾಯಂದಿರು ಮಾಡುವ ಪುಂಡಿಪಲ್ಯೆ. ಎರಡನೆಯ ಮೇಜು ರೋಗಿಗಳ ಮೇಜೆಂದು ಯಾರೂ ಕರೆಯಬಾರದು. ಅದನ್ನು ದೇವಾಲಯದ ಬಾಗಿಲಿಗೆ ನೇರವಾಗಿ, ಮುಂದೆಯೇ ಹಾಕಬೇಕೆಂದು ಯುವಕರಿಗೆ ಹೇಳಿದ್ದೇನೆ. ಹೋಳಿಗೆಯ ಮೇಜು ಹುಣಸೆಮರದ ಕಡೆಗೆ. ಶನಿವಾರಗಳಂದು ಸಕ್ಕರೆ ಅಳೆಯುವ ಸಹೋದರಿಯರು ನಾಳೆಯೂ ಬೆಳಿಗ್ಗೆ ಏಳಕ್ಕೇ ಬಂದಿರುತ್ತಾರೆ. ನಾಡಿದ್ದು ಸಂಜೆ ನಾಲ್ಕಕ್ಕೆ ಸ್ಮಶಾನದಲ್ಲಿ ಪ್ರಾರ್ಥನೆ. ಮೊದಲು ಹೇಳಿದ ಉಪದೇಶಿಯವರ ಸಮಾಧಿ ಪೂರ್ವದ ಗೋಡೆಯ ಬದಿಗೆ, ಬೇವಿನಮರದ ಕೆಳಗಿದೆ. ಮಾನ್ವಿಯಿಂದ ಬಂದವರು ಆ ಕಡೆಗೂ ಒಂದು ಮೇಣದಬತ್ತಿ ತನ್ನಿರಿ.